ಮುನ್ನೂರು ಕ್ಯಾಸೆಟ್ಟಿನ ನೇಮ

ಗೋಕಾಕದಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸಿದಷ್ಟು ವರ್ಷಗಳಲ್ಲಿ, ಪ್ರವೇಶದ ಫಾರ್ಮಿನ ‘ವಯಸ್ಸು’ ಎಂಬ ಜಾಗದಲ್ಲಿ ‘ನಡದೈತಿ’ ಎಂದು ಬರೆದುಕೊಟ್ಟ ವಿದ್ಯಾರ್ಥಿ ಒಬ್ಬರೇ. ‘ಹಿಂದಿನ ಅನುಭವ’ ಎಂಬಲ್ಲಿ ‘ಭಾಳ’ ಎಂದಿತ್ತು. ‘ಕಲಿಯುವ ಉದ್ದೇಶ’ದ ಮುಂದೆ ಮಾತ್ರ ಖಾಲಿ ಬಿಟ್ಟಿದ್ದರು. ಕೇಳಿದೆ. ಅವರು ಮೇಜಿನ ಮೇಲೆ ಬಾಗಿ, ಟೈಪಿಂಗ್ ಕಲಿಯುತ್ತಿದ್ದ ಹುಡುಗಿಯರಿಗೆ ಕೇಳಿಸದಂತೆ, “ಅದನ್ನ ಕಾಗದದ ಮ್ಯಾಲ ಬರಿಯಾಕ ಬರಂಗಿಲ್ರಿ ಮಾಸ್ತರ್ರ. ದೇವರಿಗೆ ಸಂಬಂಧಪಟ್ಟದ್ದು” ಎಂದರು.

ಊರಿಗೆಲ್ಲ ಕಾಕಾ ಆಗಿದ್ದ ಅವರು ಕಳೆದ ತಿಂಗಳು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದರೆ, ಜಮಖಾನದ ಮೇಲೆ ಕೂತವರೆಲ್ಲ ಅವರ ನೇಮನಿಷ್ಠೆಯನ್ನೇ ಹೊಗಳುತ್ತಿದ್ದರು. ‘ಕೊಟ್ಟ ಮಾತಿಗೆ ತಪ್ಪದ ಶ್ರಾವಕ, ಅಪ್ಪಟ ಜೈನ ಗೃಹಸ್ಥ’ ಎಂದು ಒಬ್ಬರು ಕಣ್ಣೊರೆಸಿಕೊಂಡರು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಆ ನೇಮದ ಕತೆ ಪೂರ್ತಿ ಗೊತ್ತಿರುವವನು ಈಗ ನಾನೊಬ್ಬನೇ. ಗೊತ್ತಿದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರದು ಬೀಜ-ಗೊಬ್ಬರದ ಅಂಗಡಿ. ಮೂಲ ಮಸಗುಪ್ಪಿಯ ಕಡೆಯ ಜೈನ ಒಕ್ಕಲುತನದ ಮನೆ. ಅಪ್ಪನ ಕಾಲಕ್ಕೆ ಗೋಕಾಕಕ್ಕೆ ಬಂದು ನೆಲೆನಿಂತವರು. ಗಿರಾಕಿಗಳ ಜೊತೆ ಕನ್ನಡ, ಬೀಗರ ಜೊತೆ ಮರಾಠಿ, ಹೆಂಡತಿಯ ಜೊತೆ ಆದಷ್ಟು ಮೌನ. ಬಿಳಿ ಪೈಜಾಮ, ತಲೆಯ ಮೇಲೆ ಟೋಪಿ, ಹೆಗಲಿಗೆ ಬಟ್ಟೆಯ ಚೀಲ. ಆ ಚೀಲಕ್ಕೆ ಊರು ಹೆದರುತ್ತಿತ್ತು, ಯಾಕೆಂದರೆ ಅದರೊಳಗೆ ಟೇಪ್ ರೆಕಾರ್ಡರ್ ಇರುತ್ತಿತ್ತು.

ಕಾಕಾನಿಗೆ ಸಿಕ್ಕಿದ್ದನ್ನೆಲ್ಲ ರೆಕಾರ್ಡ್ ಮಾಡುವ ಚಟ. ಬೆಲ್ಲದ ಪೇಟೆಯ ಹರಾಜಿನ ಸವಾಲು, ಭಜನಾ ಮೇಳ, ನಳದ ಹತ್ತಿರ ಇಬ್ಬರು ನೆಗೆಣ್ಣಿಯರು ಆಡಿದ ಜಗಳ, ಏನೂ ಬಿಟ್ಟಿಲ್ಲ. ಒಮ್ಮೆ ಅಂಕಲಗಿಯಲ್ಲಿ ಮದುವೆ ಕುದುರಿಸುವವನೊಬ್ಬ ವರನನ್ನು ಹೊಗಳುತ್ತ, “ಹುಡುಗ ಚಹಾ ಸುದ್ದಾ ಕುಡಿಯಂಗಿಲ್ರಿ” ಎಂದದ್ದನ್ನು ಹಿಡಿದಿಟ್ಟುಕೊಂಡಿದ್ದರು. ಎರಡು ವರ್ಷದ ಮೇಲೆ ಆ ಹುಡುಗ ಚಹಾ ಬಿಟ್ಟು ಬೇರೆಲ್ಲ ಕುಡಿಯುತ್ತಾನೆಂಬುದು ಗೊತ್ತಾದಾಗ, ಹೆಣ್ಣಿನ ಕಡೆಯವರ ಪಂಚಾಯ್ತಿಯಲ್ಲಿ ಕಾಕಾ ಚೀಲದಿಂದ ಯಂತ್ರ ತೆಗೆದು ಗುಂಡಿ ಒತ್ತಿದರಂತೆ. ಆಮೇಲೆ ಆ ಚೀಲ ಕಂಡರೆ ಸಾಕು, ಜನ ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಅಳೆದು ತೂಗಿ ಮಾತಾಡತೊಡಗಿದರು.

ತೊಂಬತ್ತರ ದಶಕದಲ್ಲಿ ಹೆಗಲ ಮೇಲೆ ಹೊತ್ತು ತಿರುಗುವ ವಿಡಿಯೋ ಕ್ಯಾಮೆರಾ ಬಂತು. ಮೂಡಲಗಿಯಿಂದ ಕಣಗಲಾದವರೆಗೆ ಬಂಧು-ಬಳಗದ ಒಂದು ಮದುವೆಯನ್ನೂ ಅವರು ಬಿಡಲಿಲ್ಲ. ಹೀಗೆ ಆಡಿಯೋ, ವಿಡಿಯೋ ಎಲ್ಲ ಸೇರಿ ಮನೆಯಲ್ಲಿ ಮುನ್ನೂರು ಚಿಲ್ಲರೆ ಕ್ಯಾಸೆಟ್. ಮಂಚದ ಕೆಳಗೆ, ಅಟ್ಟದ ಮೇಲೆ, ಜೋಳದ ಕಣಜದೊಳಗೆ. ಕಾಕು ರೊಟ್ಟಿಗೆಂದು ಜೋಳ ತೆಗೆಯಲು ಕೈಹಾಕಿದರೆ ಯಾರದೋ ಸೀಮಂತ ಸಿಗುತ್ತಿತ್ತು. ಕಾಕು ಎಂದರೆ ಅವರ ಹೆಂಡತಿ. ಕಟ್ಟುನಿಟ್ಟಿನ ಹೆಣ್ಣುಮಗಳು. ನೀರು ಸೋಸದೆ ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ, ಗಂಡನ ಹೊರತು ಬೇರೆ ಯಾರಿಗೂ ಬೈಯುವವರಲ್ಲ.

ಅವರು ನನ್ನ ಕ್ಲಾಸಿಗೆ ಸೇರಿದ ವರ್ಷ ಆಷಾಢದಲ್ಲಿ ಹುಕ್ಕೇರಿಯ ಬಸದಿಗೆ ಚಾತುರ್ಮಾಸಕ್ಕೆಂದು ಒಬ್ಬ ಮಾತಾಜಿ ಬಂದಿದ್ದರು. ಮಾತಾಜಿ ಎಂದರೆ ಜೈನರಲ್ಲಿ ಸಂಸಾರ ಬಿಟ್ಟು ದೀಕ್ಷೆ ತೆಗೆದುಕೊಂಡ ಹೆಣ್ಣುಮಗಳು: ಒಂದು ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಬರಿಗಾಲ ನಡಿಗೆ. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಂತು, ದೀಪಾವಳಿ ಆದಮೇಲೆ ಮತ್ತೆ ಹೊರಡುತ್ತಾರೆ. ಈ ಮಾತಾಜಿ ಸಂಸಾರದಲ್ಲಿದ್ದಾಗ ಕಾಕಾನ ಒಡಹುಟ್ಟಿದ ಅಕ್ಕ. ದೀಕ್ಷೆಯಾಗಿ ಇಪ್ಪತ್ತು ವರ್ಷವಾಗಿತ್ತು. ದೀಕ್ಷೆಯಾದ ಮೇಲೆ ಅಕ್ಕನೂ ಇಲ್ಲ, ತಮ್ಮನೂ ಇಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ‘ವಂದಾಮಿ’ ಎನ್ನಬೇಕು, ಅಷ್ಟೇ.

ಕಾಕು ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಒಂದೇ ಆಸೆಯಿಂದ. ಮಾತಾಜಿಯ ಮುಂದೆ ಶ್ರಾವಕರು ಒಬ್ಬೊಬ್ಬರಾಗಿ ಎದ್ದು ತಮ್ಮ ಆಸ್ತಿಪಾಸ್ತಿಗೆ ಮಿತಿ ಹಾಕಿಕೊಳ್ಳುವ ನೇಮ ತೆಗೆದುಕೊಳ್ಳುತ್ತಿದ್ದರು. ಒಬ್ಬ ಇಷ್ಟೇ ಜೊತೆ ಬಟ್ಟೆ ಎಂದ, ಇನ್ನೊಬ್ಬ ಇಷ್ಟೇ ಎಕರೆ ಹೊಲ ಎಂದ. ಕಾಕು ಮೊಣಕೈಯಿಂದ ತಿವಿದರು. ಕಾಕಾ ಎದ್ದು ಕೈಮುಗಿದು, “ನಮ್ಮ ಮನ್ಯಾಗ ಕ್ಯಾಸೆಟ್ ಭಾಳ ಆಗ್ಯಾವ್ರಿ. ದೀಪಾವಳಿ ಮುಗಿಯೂದ್ರಾಗ ಎಲ್ಲಾ ಹೊರಗ ಹಾಕ್ತೇನಿ. ಹಾಡು-ಚಿತ್ರ ತುಂಬಿಟ್ಟದ್ದು ಅಂತ ನನ್ನ ಮನ್ಯಾಗ ಇರೂದು ಒಂದ ಒಂದು ವಸ್ತು” ಎಂದರು. ಬಸದಿಯೇ ಬೆರಗಾಯಿತು. ಕಾಕು ಸಂತೋಷದಿಂದ ಅತ್ತುಬಿಟ್ಟರು.

ಮಾತಾಜಿ ಮಾತ್ರ ಅವರನ್ನೇ ನೋಡಿ, “ಒಂದು ಅಂದ್ರ ಎಷ್ಟ್ರಿ ಶ್ರಾವಕ್ರ?” ಎಂದು ಕೇಳಿದರಂತೆ.

“ಒಂದಂದ್ರ ಒಂದರೀ ಮಾತಾಜಿ.”

ಮರುದಿನ ಬೆಳಿಗ್ಗೆ ನನ್ನ ಕ್ಲಾಸಿಗೆ ಬಂದು ಆ ಫಾರ್ಮ್ ತುಂಬಿದರು. ಎಲ್ಲರೂ ಹೋದ ಮೇಲೆ ಕೇಳಿದ ಮೊದಲ ಪ್ರಶ್ನೆ: “ಈ ಡಬ್ಬ್ಯಾಗ ಎಷ್ಟು ಕ್ಯಾಸೆಟ್ ಹಿಡಸ್ತಾವ್ರಿ?”

ನಾನು ಹಾರ್ಡ್ ಡಿಸ್ಕು, ಗಿಗಾಬೈಟು ಎಂದು ವಿವರಿಸಿ, ಮುನ್ನೂರೂ ಹಿಡಿಸಬಹುದು ಎಂದೆ.

“ಹಿಡಿಸಿದ ಮ್ಯಾಲ ಡಬ್ಬಿ ಎಷ್ಟಾಗ್ತಾವ?”

“ಒಂದೇ ಆಗ್ತೈತ್ರಿ ಕಾಕಾ.”

“ನೀವು ಧರ್ಮ ಕಲಿತ ಮಂದಿ ನೋಡ್ರಿ” ಎಂದು ನನ್ನ ಬೆನ್ನು ತಟ್ಟಿದರು. ಇಡೀ ಕಪಟದಲ್ಲಿ ನಾನು ಪಾಲುದಾರನಾದದ್ದು ಹೀಗೆ.

ಅವರು ಕಲಿತದ್ದು ಬೇಗ, ನಂಬಿದ್ದು ನಿಧಾನ. ಕೊಲ್ಲಾಪುರಕ್ಕೆ ಎರಡು ಸಲ ಹೋಗಿ ಸಾಮಾನು ತಂದೆವು. ಹಳೆಯ ಕಂಪ್ಯೂಟರೊಂದಕ್ಕೆ ದೊಡ್ಡ ಡಿಸ್ಕು ಹಾಕಿದೆ, ವಿಡಿಯೋ ಒಳಗೆ ಎಳೆದುಕೊಳ್ಳುವ ಕಾರ್ಡು ಕೂಡಿಸಿದೆ. ಕಂಪ್ಯೂಟರಿನ ಚಿತ್ರವನ್ನು ಟಿವಿಗೆ ಕಳಿಸುವ ಒಂದು ಸಣ್ಣ ತಗಡಿನ ಪೆಟ್ಟಿಗೆಯೂ ಬಂತು. ಕಾಳಿನ ಚೀಲಗಳಿದ್ದ ಕೋಣೆಯಲ್ಲಿ ಎಲ್ಲವನ್ನೂ ಜೋಡಿಸಿದೆ. ಕೆಲಸ ಸರಾಗ ನಡೆದ ದಿನ ಅದು ‘ನನ್ನ ಸರ್ವರ್’, ಕೆಟ್ಟ ದಿನ ‘ಮಾಸ್ತರನ ಡಬ್ಬಿ’.

ನಿಜವಾದ ತೊಂದರೆ ಬೇರೆ ಇತ್ತು. ಒಂದು ತಾಸಿನ ಕ್ಯಾಸೆಟ್ ಒಳಗೆ ಹೋಗಲು ಒಂದು ತಾಸೇ ಬೇಕು, ಅವಸರ ಮಾಡಲು ಬರುವುದಿಲ್ಲ. ಕರೆಂಟು ದಿನಕ್ಕೆ ಮೂರು ಸಲ ಹೋಗುತ್ತಿತ್ತು. ಹಳೆಯ ರೀಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಗೊತ್ತಿಲ್ಲ, ಆದ್ದರಿಂದ ಒಬ್ಬರು ಕೊನೆಯವರೆಗೂ ನೋಡುತ್ತ ಕೂರಬೇಕು. ಕಾಕಾ ಹಗಲೆಲ್ಲ ಅಂಗಡಿಯಲ್ಲಿ, ನಾನು ಕ್ಲಾಸಿನಲ್ಲಿ. ದೀಪಾವಳಿಗೆ ನಾಲ್ಕು ತಿಂಗಳು ಮಾತ್ರ. ಅಷ್ಟರೊಳಗೆ ಒಳಗೆ ಹೋಗದ ಕ್ಯಾಸೆಟ್ ಗುಜರಿಗೆ ಹೋಗಬೇಕು. ಹಾಗೆಂದು ಅವರೇ ಬಸದಿಯಲ್ಲಿ ನಿಂತು ಹೇಳಿ ಬಂದಿದ್ದರು.

ಇದಕ್ಕೆ ಕಾಕಾ ಕಂಡುಕೊಂಡ ಉಪಾಯ ನನ್ನ ಕಂಪ್ಯೂಟರ್ ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ. ಓಣಿಯ ಏಳು ಮನೆಗಳಿಗೆ ಮಾಳಿಗೆಯ ಮೇಲಿಂದ ಟಿವಿಯ ವಾಯರ್ ಎಳೆಸಿದರು. ಒಳಗೆ ಯಾವ ಕ್ಯಾಸೆಟ್ ಓಡುತ್ತದೋ ಅದು ಏಳೂ ಮನೆಗಳ ಟಿವಿಯಲ್ಲಿ ಕಾಣುತ್ತಿತ್ತು. ವಾರಕ್ಕೆ ಏಳು ದಿನ, ದಿನಕ್ಕೊಂದು ಮನೆಯ ಪಾಳಿ. ಪಾಳಿಯ ಮನೆಯಾಕೆ ಸೊಪ್ಪು ಸೋಸುತ್ತಲೋ ಶೇಂಗಾ ಸುಲಿಯುತ್ತಲೋ ಟಿವಿ ನೋಡುತ್ತಿರುವುದು, ಚಿತ್ರ ಹರಿದರೆ ಹೊಸ್ತಿಲಿಗೆ ಬಂದು ಅಂಗಡಿಯ ಕಡೆ ಮುಖ ಮಾಡಿ, “ಕಾಕಾ, ಪಟ್ಟಿ ಹರಿಯಾಕತ್ತೈತ್ರಿ” ಎಂದು ಕೂಗುವುದು. ಓಣಿಯವರು ಬಿಟ್ಟಿ ಸಿನಿಮಾ ಸಿಕ್ಕಿತೆಂದು ಖುಷಿಪಟ್ಟರು. ಅವರನ್ನು ಬಿಟ್ಟಿ ಕೆಲಸಕ್ಕೆ ಹಚ್ಚಿದ್ದೇನೆ ಎಂದು ಕಾಕಾ ಖುಷಿಪಟ್ಟರು.

ಫೈಲುಗಳಿಗೆ ಹೆಸರಿಡುವ ಕೆಲಸ ಅವರದೇ. ನಾನು ತಾರೀಖು, ಊರು ಹಾಕಿ ಎಂದು ಹೇಳಿ ಸೋತೆ. ‘ಮಳಿ ಬಂದ ಮದುವಿ’, ‘ಸಾರಿಗೆ ಉಪ್ಪು ಹೆಚ್ಚಾದ ಮದುವಿ’, ‘ಬೀಗರು ಸಿಟ್ಟಾಗಿದ್ದು ಒಂದು’, ‘ಬೀಗರು ಸಿಟ್ಟಾಗಿದ್ದು ಎರಡು’. ಯಾರಿಗೂ ಅರ್ಥವಾಗುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳಾಯಿತು. ಓಣಿಯ ಹೆಂಗಸರು ಅದೇ ಹೆಸರಿನಿಂದಲೇ ಕೇಳುತ್ತಿದ್ದರು.

ಎದುರುಮನೆಯ ಗಂಗವ್ವನ ಪಾಳಿ ಮಂಗಳವಾರ. ಗಂಡ ಸತ್ತು ಹತ್ತು ವರ್ಷವಾಗಿತ್ತು. ಮನೆಯಲ್ಲಿ ಅವನದೊಂದು ಚಲೋ ಫೋಟೋ ಕೂಡ ಇರಲಿಲ್ಲ. ಒಂದು ಮಂಗಳವಾರ ‘ಸಾರಿಗೆ ಉಪ್ಪು ಹೆಚ್ಚಾದ ಮದುವಿ’ ಓಡುತ್ತಿರುವಾಗ ಅವನು ಬುಂದೆಯ ಬುಟ್ಟಿ ಹಿಡಿದು ಟಿವಿಯೊಳಗೆ ಬಂದುಬಿಟ್ಟ. ಗಂಗವ್ವ ಕೂಗಲಿಲ್ಲ, ಅಳಲಿಲ್ಲ. ಸಂಜೆ ಕಾಕಾನ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂತು, “ಅಷ್ಟೂ ಮಂದಿಗೆ ಎರಡೆರಡು ಸಲ ಹಾಕಿದ್ನರಿ ಅಂವಾ. ನನ್ನ ಎಲಿ ಮುಂದ ಬಂದು ಹಂಗ ದಾಟಿ ಹೋದ. ಆಗೂ ಹಂಗ ಮಾಡಿದ್ದ” ಎಂದಳು. ಹೋಗುವಾಗ, “ಮುಂದಿನ ಮಂಗಳವಾರ ಅದನ್ನ ಹಚ್ಚರಿ ಕಾಕಾ” ಎಂದಳು. ಆಮೇಲೆ ಪ್ರತಿ ಮಂಗಳವಾರ ಏಳೂ ಮನೆಗಳಲ್ಲಿ ಬುಂದೆ ಬಡಿಸಲಾಯಿತು. ಯಾರೂ ಬೇಸರಪಡಲಿಲ್ಲ.

ಇನ್ನು ಅಂಕಲಗಿಯ ಶಾಲೆಯಲ್ಲಿ ನಡೆದಿದ್ದ ಬೇರೊಂದು ಮದುವೆಯ ಕ್ಯಾಸೆಟ್ಟಿನ ವಿಷಯ. ಭಾದ್ರಪದದ ಪರ್ವದ ದಿನಗಳು. ಜೈನರ ಮನೆಗಳಲ್ಲಿ ಉಪವಾಸ, ಒಪ್ಪತ್ತು ನಡೆದಿದ್ದವು. ಅಂಥ ಹೊತ್ತಿನಲ್ಲಿ ಟಿವಿಯಲ್ಲಿ ಊಟದ ಪಂಕ್ತಿ ಬಂತು. ಶಾಲೆಯ ಕೋಣೆ, ಗೋಡೆಗೆ ಒರಗಿ ಕೂತ ಓಣಿಯ ಹಿರಿಯರು ಮೂವರು, ಆ ಮೂವರ ಮುಂದೆಯೂ ಜಿಲೇಬಿ. ಮೂವರೂ ಜೀವಮಾನದಲ್ಲಿ ಹೊತ್ತು ಮುಳುಗಿದ ಮೇಲೆ ಉಂಡವರಲ್ಲ ಎಂದು ಹೆಸರಾದವರು. ಅವರ ತಲೆಗಳ ಬೆನ್ನಿಗೇ, ಗೋಡೆಯ ಮೇಲೆ ತಗ್ಗಿನಲ್ಲಿ ತೂಗುಹಾಕಿದ ಶಾಲೆಯ ಗಡಿಯಾರ. ಅದರಲ್ಲಿ ಏಳೂವರೆ. ಕ್ಯಾಮೆರಾ ಬದಿಗೆ ಸರಿಯಿತು. ಪಕ್ಕದ ಹೆಣ್ಣುಮಕ್ಕಳ ಪಂಕ್ತಿಯಲ್ಲಿ ನಾಲ್ಕನೆಯವರು ಕಾಕು. ಅವರ ಕೈಯಲ್ಲೂ ಜಿಲೇಬಿ.

ಏಳು ಮನೆಗಳೂ ನೋಡಿದವು. ಹಿರಿಯರು ಮೂವರೂ ಸಂಜೆಯೊಳಗೆ ಅಂಗಡಿಗೆ ಬಂದು, ಗಡಿಯಾರ ನಿಂತಿತ್ತು ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿ ಹೋದರು. ಕಾಕು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಎರಡು ದಿನ ನೀರು ಮುಟ್ಟಲಿಲ್ಲ. ಕಾಕಾ ನನ್ನ ಕ್ಲಾಸಿಗೆ ಬಂದಾಗ ಮುಖದಲ್ಲಿ ಕುಚೋದ್ಯದ ಎಳೆಯೂ ಇರಲಿಲ್ಲ. “ಮಾಸ್ತರ್ರ, ಮಂದಿದ್ದು ಬಿಡ್ರಿ. ಆಕಿ ಅವತ್ತು ಮುಂಜಾನಿಂದ ಒಲಿ ಮುಂದ ನಿಂತಾಕಿ. ಕಡೀಕ ಯಾರೋ ಒತ್ತಾಯ ಮಾಡಿ ಕುಂದರಿಸಿದ್ರು. ನಾ ಅದನ್ನ ಹಿಡಿಯಬಾರದಿತ್ತು. ಆ ಗಡಿಯಾರ ಒಂದು ತಗಿಯಾಕ ಬರ್ತೈತೇನ್ರಿ?”

ಇಂದಿನ ಹಾಗೆ ಆಗ ಬರುತ್ತಿರಲಿಲ್ಲ. ಚಿತ್ರದ ಮೇಲ್ಭಾಗವನ್ನು ಉದ್ದಕ್ಕೂ ಕತ್ತರಿಸುವುದೊಂದೇ ದಾರಿ. ಕತ್ತರಿಸಿದೆ. ಗಡಿಯಾರ ಹೋಯಿತು, ಜೊತೆಗೆ ಮೂಗಿನಿಂದ ಮೇಲಿನದೆಲ್ಲ ಹೋಯಿತು. ಇಂದಿಗೂ ಅಂಕಲಗಿಯ ಆ ಮದುವೆಯಲ್ಲಿ ಉಳಿದಿರುವುದು ಬರೀ ಬಾಯಿಗಳು. ಸಾಲಾಗಿ ಜಿಲೇಬಿ ಅಗಿಯುತ್ತವೆ, ಯಾರ ಬಾಯೆಂದು ಯಾರೂ ಹೇಳಲಾರರು. ಅದನ್ನು ಕಾಕಾ ಏಳೂ ಮನೆಗೆ ಮತ್ತೊಮ್ಮೆ ತೋರಿಸಿದರು. ಟಿವಿಯಿದ್ದ ಕೋಣೆಯ ಮುಚ್ಚಿದ ಬಾಗಿಲಿನ ಆಚೆ ಮೊದಲು ಕೆಮ್ಮಿದ ಹಾಗೆ ಕೇಳಿಸಿತು, ಆಮೇಲೆ ಕಾಕು ನಗುತ್ತ ಹೊರಗೆ ಬಂದರು. “ನಾಕನೇದು ನಂದು” ಎಂದು ಅವರೇ ತೋರಿಸಿದರಂತೆ.

ದೀಪಾವಳಿಗೆ ವಾರ ಉಳಿದಾಗ ಕಣಜದಲ್ಲಿ ಜೋಳವೊಂದೇ ಇತ್ತು. ಕಾಕು ಡಬ್ಬಿಯ ಮೇಲೆ ಕಸೂತಿಯ ಬಟ್ಟೆ ಹಾಸಿ ಅದಕ್ಕೆ ಕುಂಕುಮ ಹಚ್ಚಿಬಿಟ್ಟಿದ್ದರು. ಗಂಡನ ಉಪಾಯ ಅವರಿಗೆ ಯಾವಾಗಲೋ ಗೊತ್ತಾಗಿತ್ತು, ಒಪ್ಪಿಗೆಯೂ ಆಗಿತ್ತು. ಖಾಲಿಯಾದ ಕ್ಯಾಸೆಟ್ಟುಗಳನ್ನು ಗುಜರಿಯವನು ಗಾಡಿಯಲ್ಲಿ ಒಯ್ದ. ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಕಾಕಾನ ಅಂಗಿಯ ಜೇಬು ಉಬ್ಬಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು.

“ಒಂದು ಉಳದೈತ್ರಿ” ಎಂದು ಅವರೇ ಹೊರತೆಗೆದರು. ಸಣ್ಣ ಆಡಿಯೋ ಕ್ಯಾಸೆಟ್ಟು, ಮೇಲೆ ಹೆಸರಿಲ್ಲ.

“ಏನೈತ್ರಿ ಇದ್ರಾಗ?”

“ಅಕ್ಕ. ದೀಕ್ಷಾ ತಗೊಳ್ಳೂ ಮುಂಚಿನ ಬ್ಯಾಸಗಿದು. ನಿಮ್ಮ ಕಾಕು ಜೋಡಿ ಕುಂತು ಅಕ್ಕಿ ಆರಿಸ್ತಿದ್ಳು. ನಾ ದನದ ನೀರಿನ ಬಾನ್ಯಾಗ ಕಾಲುಜಾರಿ ಬಿದ್ದು ಬಂದೆ. ಅದನ್ನ ನೋಡಿ ನಗಾಕ ಹತ್ತಿದ್ಳು ನೋಡ್ರಿ, ಅರ್ಧ ತಾಸು. ಬರೇ ನಗತಾಳ. ನಡುವ ಒಮ್ಮೆ ‘ತಮ್ಮಾ, ಇನ್ನೊಮ್ಮೆ ಬೀಳೋ’ ಅಂತಾಳ.”

ಅರ್ಧ ತಾಸಿನ ಕೆಲಸ, ಈಗಲೇ ಹಾಕಿಬಿಡೋಣ ಎಂದೆ. ಅವರು ಕೊಡಲಿಲ್ಲ. ಓಡಿಸಿದರೆ ಏಳೂ ಮನೆಗೆ ಕೇಳಿಸುತ್ತದೆ, ಮಾತಾಜಿ ನಗುವುದನ್ನು ಓಣಿ ಕೇಳಬಾರದು ಎಂದರು. ವಾಯರ್ ಕಿತ್ತಿಟ್ಟು ಹಾಕೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅದಕ್ಕೂ ಬೇಡವೆಂದು ತಲೆಯಾಡಿಸಿದರು.

“ಒಳಗ ಹೋತಂದ್ರ ಮುನ್ನೂರರಾಗ ಒಂದಾಗ್ತೈತ್ರಿ ಮಾಸ್ತರ್ರ. ಉಪ್ಪು ಹೆಚ್ಚಾದ ಮದುವಿ ಬಾಜೂಕ ಕುಂದರ್ತೈತಿ. ಬ್ಯಾಡ.”

“ಹಂಗಾದ್ರ ಡಬ್ಬಿ ಒಂದು, ಇದು ಒಂದು. ಎರಡಾದವಲ್ರಿ ಕಾಕಾ.”

“ಅದ ಚಿಂತ್ಯಾಗ ನಾಕು ದಿನಾ ಆತು ನಿದ್ದಿಲ್ಲ” ಎಂದು ಕಟ್ಟೆಯ ಮೇಲೆ ಕೂತರು. ಅಷ್ಟು ಸೋತ ಕಾಕಾನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ನಿಜಕ್ಕೂ ಕೆಟ್ಟದೆನಿಸಿತು. ನಾಲ್ಕು ತಿಂಗಳು ಕೂಡಿ ಕಟ್ಟಿದ್ದು ಆ ಡಬ್ಬಿ.

ನರಕಚತುರ್ದಶಿಯ ದಿನ ಡಬ್ಬಿ, ಕ್ಯಾಸೆಟ್ ಓಡಿಸುವ ಯಂತ್ರಗಳು, ಕಸೂತಿಯ ಬಟ್ಟೆ ಎಲ್ಲವನ್ನೂ ಹೊತ್ತು ಗಂಗವ್ವನ ಮನೆಯಲ್ಲಿಟ್ಟು ಬಂದರು. ನನಗೆ ತಡೆಯಲಾಗಲಿಲ್ಲ. ಏಳು ಮನೆಗೆ ಎಳೆದ ವಾಯರ್ ಹಾಗೇ ಇದೆಯಲ್ಲ, ನಿಮ್ಮ ಟಿವಿಯಲ್ಲೂ ಬರುತ್ತದಲ್ಲ, ಇದೆಂಥ ಬಿಡುವುದು ಎಂದು ಕೆಣಕಿದೆ. ಕಾಕಾನ ಕಣ್ಣು ಸ್ವಲ್ಪ ಮಿಂಚಿದವು. “ಡಬ್ಬಿ ಆಕಿ ಮನ್ಯಾಗ ಐತಿ. ಟಿವಿ ನಮ್ಮ ಮನ್ಯಾಗ ಐತಿ. ನೇಮದಾಗ ವಾಯರಿನ ಸುದ್ದಿ ಬಂದಿಲ್ಲ” ಎಂದರು. ಆದರೆ ಗಂಗವ್ವ ಕಲಿತದ್ದು ಒಂದೇ ಗುಂಡಿ. ಅಂದಿನಿಂದ ಓಣಿಯಲ್ಲಿ ಎಲ್ಲ ದಿನವೂ ಬುಂದೆಯೇ. ಬೇರೇನಾದರೂ ಬೇಕಾದರೆ ಕಾಕಾ ಹೋಗಿ ಗಂಗವ್ವನನ್ನು ಬೇಡಿಕೊಳ್ಳಬೇಕಾಗಿತ್ತು, ಅವಳು ನಾಳೆ ನೋಡೋಣ ಎನ್ನುತ್ತಿದ್ದಳು.

ದೀಪಾವಳಿಯ ಮರುದಿನ ಕಾಕಾನೂ ನಾನೂ ಬಸ್ಸಿನಲ್ಲಿ ಹುಕ್ಕೇರಿಗೆ ಹೋದೆವು. ಮಾತಾಜಿ ಅಂದೇ ಮಧ್ಯಾಹ್ನ ಹೊರಡುವವರಿದ್ದರು, ಮುಂದೆ ಯಾವ ಊರೆಂದು ಯಾರಿಗೂ ತಿಳಿದಿರಲಿಲ್ಲ. ದಾರಿಯಲ್ಲಿ ನಾನು ಕೇಳಿದೆ, ಓಡಿಸುವ ಯಂತ್ರವನ್ನೂ ಕೊಟ್ಟುಬಿಟ್ಟಿರಲ್ಲ, ಕೇಳುವುದು ಹೇಗೆ ಎಂದು. “ಕೇಳಾಕ ಅಲ್ರಿ, ಇರ್ಲಿ ಅಂತ” ಎಂದು ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತರು.

ಬಸದಿಯಲ್ಲಿ ಜನರ ಸಾಲು ಕರಗಿದ ಮೇಲೆ ಅವರು ಮುಂದೆ ಹೋಗಿ, ದೂರದಲ್ಲಿ ಕೂತು, “ವಂದಾಮಿ ಮಾತಾಜಿ. ನೇಮ ಪೂರಾ ಆತ್ರಿ. ಎಲ್ಲಾ ಹೊರಗ ಹೋದವು. ಒಂದ ಉಳದೈತಿ” ಎಂದರು.

“ಯಾವ್ದ್ರಿ ಅದು?”

ಕಾಕಾ ಜೇಬಿನಿಂದ ತೆಗೆದು ನೆಲದ ಮೇಲಿಟ್ಟರು. ಮಾತಾಜಿ ಅದನ್ನು ಮುಟ್ಟಲಿಲ್ಲ. ಏನೆಂದು ಕೇಳಲೂ ಇಲ್ಲ. ಆ ಬೇಸಿಗೆಯ ದಿನ ತಾವು ನಗುತ್ತಿದ್ದಾಗ ಯಂತ್ರ ತಿರುಗುತ್ತಿದ್ದದ್ದು ಅವರಿಗೆ ನೆನಪಿತ್ತೆಂದು ಕಾಣುತ್ತದೆ. ತುಂಬ ಮೆತ್ತಗೆ, “ಅದ್ರಾಗ ಇರಾಕಿ ನಾ ಅಲ್ರಿ ಶ್ರಾವಕ್ರ” ಎಂದರು.

“ಗೊತ್ತೈತ್ರಿ ಮಾತಾಜಿ” ಎಂದರು ಕಾಕಾ. “ನೀವು ಇಲ್ಲಿ ಅದೀರಿ. ನಿಮ್ಮನ್ನ ಎಲ್ಲಿದ್ರೂ ಹುಡಿಕ್ಕೊಂಡು ಬಂದು ದರ್ಶನ ಮಾಡಬಹುದು. ಆಕಿ ಇದ್ರಾಗ ಬಿಟ್ರ ಮತ್ತೆಲ್ಲೂ ಇಲ್ಲ.”

ಮಾತಾಜಿ ಆಶೀರ್ವಾದಕ್ಕೆ ಪಿಂಛಿ ಎತ್ತಿದರು. ಎತ್ತಿದ ಕೈ ಇಳಿಯಲು ಬಹಳ ಹೊತ್ತಾಯಿತು.